ಹೋಗೋಕಷ್ಟೇ ಪೆಟ್ರೋಲು

ನಮ್ಮ ಜೀಪಿನ ಡ್ರೈವರು ರಿಟೈರಾದ ಮೇಲೆ ಒಂದು ಭಾನುವಾರ ಕೋರದಲ್ಲಿದ್ದ ಅವರ ಮನೆಗೆ ಹೋಗಿದ್ದೆ. ಅವರು ಹಿತ್ತಲಲ್ಲಿ ಎಮ್ಮೆಯ ಮೈ ತೊಳೆಯುತ್ತಿದ್ದರು. ಅವರ ಹೆಂಡತಿ ನನಗೆ ಚಾಪೆ ಹಾಸಿ ಕೂರಿಸಿ, ಕಾಫಿಗಿಡಲು ಒಳಗೆ ಹೋದವರು ಒಂದೇ ನಿಮಿಷಕ್ಕೆ ಹೊರಗೆ ಬಂದು ಹಿತ್ತಲಿನ ಕಡೆಗೆ ಕೂಗಿದರು.

"ಏನ್ರೀ, ಸ್ಟವ್‌ನಾಗೆ ಒಂದು ತೊಟ್ಟು ಸೀಮೆಎಣ್ಣೆ ಇಲ್ಲ! ನಿನ್ನೇನೇ ತನ್ನಿ ಅಂದಿರಲಿಲ್ವಾ?"

ನನಗೆ ನಗು ತಡೆಯಲಾಗಲಿಲ್ಲ. ಆಕೆ ಗಾಬರಿಯಾಗಿ ನನ್ನ ಮುಖ ನೋಡಿದರು. "ಅಲ್ಲಮ್ಮ, ನಿಮ್ಮ ಯಜಮಾನರು ಈ ಕಡೆ ಯಾವ ಊರಿನಲ್ಲಿ, ಯಾರ ಹತ್ತಿರ, ಎಷ್ಟು ಪೆಟ್ರೋಲಿದೆ ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ರೂ ಹೇಳ್ತಿದ್ದವರು" ಎಂದೆ.

"ಊರಿನ ವಿಷ್ಯ ಎಲ್ಲಾ ಗೊತ್ತು ಸ್ವಾಮಿ. ಮನೆ ವಿಷ್ಯ ಮಾತ್ರ ಗೊತ್ತಾಗಕಿಲ್ಲ" ಎಂದರು ಆಕೆ.

ಅಷ್ಟರಲ್ಲಿ ಅವರು ಒದ್ದೆ ಕೈ ಪಂಚೆಗೆ ಒರೆಸುತ್ತಾ ಬಂದರು. "ಮನೆ ಎಲ್ಲಿಗೂ ಹೋಗಕಿಲ್ವಲ್ಲ ಸಾ. ನಿಂತಿರೋ ಗಾಡಿಗೆ ಯಾಕೆ ಎಣ್ಣೆ?" ಎಂದು ಹೆಂಡತಿಯ ಎದುರಿಗೇ ಹೇಳಿ, ಆಕೆ ಕಣ್ಣು ಕೆಂಪಗೆ ಮಾಡುವ ಮೊದಲೇ ಬಾಟಲಿ ಹಿಡಿದು ಪಕ್ಕದ ಮನೆಗೆ ಓಡಿದರು.

ಅವರು ತುಮಕೂರಿನಲ್ಲಿ ನಮ್ಮ ದನದ ಆಸ್ಪತ್ರೆಯ ಜೀಪಿನ ಡ್ರೈವರಾಗಿದ್ದರು. ನಾನು ಆಗ ತಾನೇ ಓದು ಮುಗಿಸಿ ಕೆಲಸಕ್ಕೆ ಸೇರಿದ್ದ ಡಾಕ್ಟರು. ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಅವರಿಗೆ ನನಗಿಂತ ಹದಿನೈದು ವರ್ಷವಾದರೂ ಹೆಚ್ಚು. ಎತ್ತರದ ಆಳು, ಸ್ವಲ್ಪ ಹೊಟ್ಟೆ, ಮಿಲಿಟರಿಯಲ್ಲಿದ್ದಾಗ ಬಿಟ್ಟ ಮೀಸೆ. ಯುದ್ಧದ ಕಾಲದಲ್ಲಿ ಸಮುದ್ರ ದಾಟಿ ಮರಳುಗಾಡಿನಲ್ಲಿ ಲಾರಿ ಓಡಿಸಿ ಬಂದವರು. ನಮ್ಮ ಜೀಪೂ ಯುದ್ಧದಲ್ಲಿ ಮಿಕ್ಕಿದ್ದೇ. ಇಬ್ಬರೂ ಒಂದೇ ಪಟಾಲಮ್ಮಿನವರು ಎಂದು ಆಫೀಸಿನಲ್ಲಿ ತಮಾಷೆ ಮಾಡುತ್ತಿದ್ದರು.

ಮೊದಲ ದಿನ ನಾನು ಗತ್ತಿನಿಂದ, "ಅರ್ಧ ಗಂಟೆಯಲ್ಲಿ ಗುಬ್ಬಿಗೆ ಹೊರಡಬೇಕು, ಅಲ್ಲಿಂದ ನಿಟ್ಟೂರು ಕಡೆ" ಎಂದೆ.

"ಅರ್ಧ ಗಂಟೇಲಿ ಆಗಕಿಲ್ಲ ಸಾ."

"ಯಾಕೆ?"

"ಪೆಟ್ರೋಲ್ ವಿಚಾರಿಸ್ಬೇಕು."

ಅವರು ಹೋದದ್ದು ಬಂಕಿಗಲ್ಲ, ಬಸ್ ಸ್ಟ್ಯಾಂಡಿಗೆ. ನಾನು ಕಿಟಕಿಯ ಹತ್ತಿರ ನಿಂತು ಗಡಿಯಾರ ನೋಡುತ್ತಾ ಕುದಿಯುತ್ತಿದ್ದೆ. ಮುಕ್ಕಾಲು ಗಂಟೆಯಾದ ಮೇಲೆ ನಿಧಾನವಾಗಿ ನಡೆದುಕೊಂಡು ಬಂದರು. "ಗುಬ್ಬಿ ಬಂಕಿನ ಯಜಮಾನ್ರು ತಂಗಿ ಮಗಳ ಮದುವೇಗೆ ಹೋಗವ್ರೆ. ನಾಳಿದ್ದು ಬರಾದು. ಬೀಗ ಹಾಕೈತೆ. ಇಲ್ಲೇ ತುಂಬಿಸ್ಕಂಡು ಹೋಗವಾ" ಎಂದರು. ಗುಬ್ಬಿಯಿಂದ ಬಂದ ಮೊದಲ ಬಸ್ಸಿನ ಕಂಡಕ್ಟರು ಕೊಟ್ಟ ಸುದ್ದಿ ಅದು. ಮದುವೆಗೆ ಎಷ್ಟು ಜನ ಹೋಗಿದ್ದಾರೆ, ಹುಡುಗ ಏನು ಕೆಲಸದಲ್ಲಿದ್ದಾನೆ ಅನ್ನುವುದನ್ನೂ ತಿಳಿದುಕೊಂಡು ಬಂದಿದ್ದರು.

ನಮ್ಮ ಜೀಪಿನ ಪೆಟ್ರೋಲ್ ಮುಳ್ಳು ಕೆಟ್ಟು ಎಷ್ಟು ಕಾಲವಾಗಿತ್ತೋ. ಅದು ಯಾವಾಗಲೂ ತುಂಬಿದೆ ಎಂದೇ ತೋರಿಸುತ್ತಿತ್ತು. ಅವರು ಅದರ ಮೇಲೆ ಒಂದು ಚೂರು ಕಾಗದ ಅಂಟಿಸಿಬಿಟ್ಟಿದ್ದರು. "ಸುಳ್ಳು ಹೇಳಾದ ನೋಡ್ತಾ ಯಾಕೆ ಕೂರ್ಬೇಕು?" ಎನ್ನುತ್ತಿದ್ದರು. ಸೀಟಿನ ಕೆಳಗಿದ್ದ ಟ್ಯಾಂಕಿಗೆ ಗೀಟು ಹಾಕಿದ ಬಿದಿರು ಕಡ್ಡಿ ಇಳಿಸಿ ನೋಡುವುದೇ ಅವರ ಲೆಕ್ಕ. ಹೊಸ ಜಾಗದಲ್ಲಿ ಪೆಟ್ರೋಲ್ ಹಾಕಿಸುವ ಮೊದಲು ಎರಡು ಹನಿ ಅಂಗೈಗೆ ಬಿಟ್ಟುಕೊಂಡು, ಅದು ಆರುವವರೆಗೆ ಕಾದು, ಮೂಸಿ ನೋಡುತ್ತಿದ್ದರು. ಸೀಮೆಎಣ್ಣೆ ಬೆರೆಸಿದ್ದರೆ ಅಂಗೈ ಜಿಡ್ಡಾಗುತ್ತದಂತೆ. ಆಮೇಲೆ ಚರ್ಮದ ಬಟ್ಟೆಯಲ್ಲಿ ಸೋಸಿ ಹಾಕಬೇಕು. ಇದೆಲ್ಲ ಮುಗಿಯುವವರೆಗೆ ನಾನು ಬಂಕಿನ ಮುಂದಿನ ಕಲ್ಲಿನ ಮೇಲೆ ಕೂತು ಬೀದಿ ನೋಡುತ್ತಿರಬೇಕು.

"ಹೋಗಕೆ ಎಷ್ಟು ಬೇಕು, ಬರಕೆ ಎಷ್ಟು ಬೇಕು ಅಂತ ಎಲ್ರೂ ಲೆಕ್ಕ ಹಾಕ್ತಾರೆ ಸಾ. ದಾರಿ ತಪ್ಪಕೆ ಎಷ್ಟು ಬೇಕು ಅಂತ ಯಾರೂ ಹಾಕಕಿಲ್ಲ" ಎನ್ನುವುದು ಅವರ ಮಾತು.

ಅದು ನನಗೆ ಅರ್ಥವಾದದ್ದು ಅವರು ರಜಾ ಹಾಕಿದ್ದ ಒಂದು ವಾರದಲ್ಲಿ. ಅವರ ಬದಲಿಗೆ ಬಂದಿದ್ದ ಡ್ರೈವರು ಬಹಳ ಚುರುಕು. ಹೊರಡಿ ಎಂದರೆ ಹೊರಟೇಬಿಡುತ್ತಿದ್ದ. ಆ ಚುರುಕಿನಲ್ಲೇ ನಿಟ್ಟೂರಿಗೆ ಎರಡು ಮೈಲಿ ಇರುವಾಗ ಜೀಪು ಕೆಮ್ಮಿ ನಿಂತಿತು. ಹೊಲದಲ್ಲಿ ಉಳುತ್ತಿದ್ದ ಒಬ್ಬ ರೈತ ನೇಗಿಲು ಬಿಚ್ಚಿ ಎತ್ತುಗಳನ್ನು ಜೀಪಿಗೆ ಕಟ್ಟಿದ. ದನದ ಡಾಕ್ಟರನ್ನು ದನಗಳೇ ಎಳೆದುಕೊಂಡು ನಿಟ್ಟೂರಿನ ಬೀದಿಗೆ ತಂದವು. ಜಗಲಿಯ ಮೇಲಿದ್ದ ಒಬ್ಬ ಮುದುಕ, "ಯಾಕ್ ಡಾಕ್ಟ್ರಪ್ಪ, ನಿಮ್ ಗಾಡಿ ಮೇವು ಬುಟ್ಟೈತಾ?" ಎಂದು ಕೇಳಿದ. ನಾನು ಕೇಳಿಸದವನ ಹಾಗೆ ಬೇರೆ ಕಡೆ ನೋಡಿದೆ.

ಪೆಟ್ರೋಲ್ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದಕ್ಕೆ ಯಾರೋ ಅಲ್ಲಿನ ದಿನಸಿ ಅಂಗಡಿಯವರನ್ನು ತೋರಿಸಿದರು. ಅವರ ಹಿತ್ತಲಿನ ಗೂಡಿನಲ್ಲಿ, ಒದ್ದೆ ಗೋಣಿಯ ಕೆಳಗೆ ಎರಡು ಗ್ಯಾಲನ್ನಿನ ಒಂದು ಡಬ್ಬವಿತ್ತು. ಮುಚ್ಚಳಕ್ಕೆ ಕೆಂಪು ಅರಗು ಹಾಕಿ ಮುದ್ರೆ ಒತ್ತಿತ್ತು. ನಮ್ಮ ಡ್ರೈವರು ಆಪತ್ತಿಗಿರಲಿ ಎಂದು ಇಟ್ಟುಹೋಗಿದ್ದ, ನಮ್ಮದೇ ಜೀಪಿನ ಪೆಟ್ರೋಲು!

"ಕೊಡಿ, ಇದು ನಮ್ಮದೇ" ಎಂದೆ.

"ನಿಮ್ದೇ ಇರಬೋದು. ಡ್ರೈವರಣ್ಣ ಬರ್ದೆ ಕೊಡಂಗಿಲ್ಲ."

"ನಾನು ಅವರ ಆಫೀಸರು ಕಣ್ರೀ."

"ಆಫೀಸರು ಬಂದು ಕೇಳಿದ್ರೂ ಕೊಡಬ್ಯಾಡಿ ಅಂತ್ಲೇ ಹೇಳವ್ರೆ ಸ್ವಾಮಿ."

ಕೊನೆಗೆ ಅಂಗಡಿಯವರೇ ಒಂದು ಉಪಾಯ ಮಾಡಿದರು. ಇಂಥ ದಿನ ಅರಗು ಒಡೆದು ತೆಗೆದುಕೊಂಡೆ, ಇದಕ್ಕೆ ಅಂಗಡಿಯವರು ಹೊಣೆಯಲ್ಲ ಎಂದು ನನ್ನ ಕೈಯಲ್ಲಿ ಬರೆಸಿಕೊಂಡು ಡಬ್ಬ ಕೊಟ್ಟರು. ಆ ಚೀಟಿ ರಜಾ ಮುಗಿಸಿ ಬಂದ ನಮ್ಮ ಡ್ರೈವರ ಕೈ ಸೇರಿತು. ಅವರು ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಅವತ್ತಿನಿಂದ ಅವರು ವಿಚಾರಿಸಲು ಬಸ್ ಸ್ಟ್ಯಾಂಡಿಗೆ ಹೋದಾಗ ನಾನು ಗಡಿಯಾರ ನೋಡುವುದನ್ನು ಬಿಟ್ಟೆ. ಒಂದೊಂದು ದಿನ ಅವರ ಜೊತೆಗೇ ಹೋಗಿ ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಿದ್ದೆ.

ಮುಂದೆ ಕೆಲವು ವರ್ಷಕ್ಕೆ ಮೈಲಿಗಲ್ಲು ಕಿತ್ತು ಕಿಲೋಮೀಟರ್ ಕಲ್ಲು ನೆಟ್ಟು, ಗ್ಯಾಲನ್ ಹೋಗಿ ಲೀಟರ್ ಬಂದಾಗ ಅವರಿಗೆ ಬಹಳ ಬೇಸರವಾಯಿತು. "ಊರು ಇದ್ದಲ್ಲೇ ಐತೆ, ದಾರಿ ಮಾತ್ರ ಉದ್ದ ಆಯ್ತಲ್ಲ ಸಾ!" ಎಂದು ಒಂದು ವಾರ ಗೊಣಗಿದರು. ಆಮೇಲೆ ಒಂದು ದಿನ ಹೊಸ ಬಿದಿರು ಕಡ್ಡಿ ಕಡಿದು, ಒಂದೊಂದೇ ಲೀಟರ್ ಸುರಿದು ಗೀಟು ಹಾಕುತ್ತಾ ಇಡೀ ಮಧ್ಯಾಹ್ನ ಕಳೆದರು.

ಅವರು ಹಾಗಾಗಲು ಕಾರಣವೇನು ಎಂದು ಒಂದೇ ಸಲ ಹೇಳಿದ್ದರು. ಗುಬ್ಬಿಯ ಕೆರೆ ಏರಿಯ ಮೇಲೆ ಬುತ್ತಿ ಬಿಚ್ಚಿ ಕೂತಿದ್ದೆವು. ಎದುರಿಗೆ ತುಂಬಿದ ನೀರು. ಅದನ್ನು ನೋಡುತ್ತಾ ಇದ್ದಕ್ಕಿದ್ದಂತೆ ಶುರುಮಾಡಿದರು.

ಮರಳುಗಾಡಿನಲ್ಲಿ ಅವರ ಲಾರಿಯಲ್ಲಿ ಮೂವರಿದ್ದರಂತೆ. ನಲವತ್ತು ಮೈಲಿ ಆಚೆ ಪೆಟ್ರೋಲ್ ದಾಸ್ತಾನಿದೆ ಎಂದು ಸಾಹೇಬ ನಕ್ಷೆಯಲ್ಲಿ ಬೆರಳಿಟ್ಟು ತೋರಿಸಿ ಕಳಿಸಿದ. ಅಷ್ಟಕ್ಕೇ ಆಗುವಷ್ಟು ಹಾಕಿಕೊಂಡು ಹೋದರು. ಹೋಗಿ ನೋಡಿದರೆ ಖಾಲಿ ಡಬ್ಬಗಳ ರಾಶಿ. ಹಿಂದಿನ ದಿನವಷ್ಟೇ ಬೇರೆ ತುಕಡಿಯವರು ಖಾಲಿ ಮಾಡಿಕೊಂಡು ಹೋಗಿದ್ದರು. ಎರಡು ದಿನ ಲಾರಿಯ ನೆರಳಿನಲ್ಲಿ ಬಿದ್ದುಕೊಂಡಿದ್ದು, ಕೊನೆಗೆ ರೇಡಿಯೇಟರಿನ ನೀರನ್ನೂ ಬಸಿದು ಕುಡಿದರಂತೆ. ಇವರು ಗಳಿಗೆಗೊಂದು ಸಲ ಮರಳಿನ ದಿಬ್ಬ ಹತ್ತಿ ಯಾರಾದರೂ ಬರುತ್ತಾರೇನೋ ಎಂದು ನೋಡುವುದು, ಇಳಿಯುವುದು. ಮೂರನೆಯ ದಿನ ಬೆಳಿಗ್ಗೆ ಇನ್ನೊಂದು ಲಾರಿ ಕಂಡಿತು. ಜೊತೆಯಲ್ಲಿದ್ದ ಇಬ್ಬರಲ್ಲಿ ಒಬ್ಬ ಅಷ್ಟು ಹೊತ್ತಿಗೆ ಮಾತಾಡುವುದನ್ನು ನಿಲ್ಲಿಸಿದ್ದ. ಆಸ್ಪತ್ರೆ ಸೇರಿದ ಮೇಲೂ ಉಳಿಯಲಿಲ್ಲ.

"ಆ ಸಾಹೇಬ ಸುಳ್ಳು ಹೇಳಲಿಲ್ಲ ಸಾ" ಎಂದರು ಅನ್ನ ಕಲಸುತ್ತಾ. "ಪೆಟ್ರೋಲ್ ಐತೆ ಅಂದ. ಇತ್ತು. ಐತೆ ಅನ್ನಾದು ಬೇರೆ, ಇವತ್ತು ಐತೆ ಅನ್ನಾದು ಬೇರೆ."

ಹುಲಿಯೂರುದುರ್ಗದ ಕಡೆ ದೊಡ್ಡರೋಗ ಬಿದ್ದದ್ದು ಇದಾದ ಮರುವರ್ಷ. ದೊಡ್ಡರೋಗ ಅಂದರೆ ಆ ಕಾಲದ ರೈತರು ಹೆಸರೆತ್ತಲೂ ಹೆದರುತ್ತಿದ್ದ ದನದ ಕಾಯಿಲೆ. ಒಂದು ಕೊಟ್ಟಿಗೆಗೆ ಬಂತೆಂದರೆ ವಾರದೊಳಗೆ ಊರಿನ ದನವೆಲ್ಲ ಮಲಗಿಬಿಡುತ್ತಿದ್ದವು. ಬಂದ ಮೇಲೆ ಔಷಧಿಯಿಲ್ಲ. ಬರುವ ಮೊದಲೇ ಸೂಜಿ ಹಾಕಬೇಕು. ಆ ಲಸಿಕೆಯೋ, ಐಸಿನಲ್ಲಿಟ್ಟಿದ್ದರೆ ಮಾತ್ರ ಕೆಲಸ ಮಾಡುವಂಥದು. ಐಸು ತುಮಕೂರಿನಿಂದ ಮರದ ಹೊಟ್ಟು ತುಂಬಿದ ಪೆಟ್ಟಿಗೆಯಲ್ಲಿ ಬರಬೇಕು.

ಹುಲಿಯೂರುದುರ್ಗದಲ್ಲಿ ಒಂದು ವಾರದ ಕ್ಯಾಂಪ್ ಎಂದು ಗೊತ್ತಾದ ಕೂಡಲೇ ಅವರು ತಯಾರಿ ಶುರುಮಾಡಿದರು. ದಿನಾ ಸುತ್ತಲಿನ ಹಳ್ಳಿಗಳಿಗೆ ಹೋಗಿ ಬರಬೇಕು. ರಸ್ತೆ ಎಂಬುದಿಲ್ಲ. ಪೆಟ್ರೋಲ್ ಬೇಕೆಂದರೆ ಕುಣಿಗಲ್ಲಿಗೇ ಹೋಗಬೇಕು. ಅದು ಹದಿನಾಲ್ಕು ಮೈಲಿ. ಬಸ್ಸಿನ ಮೇಲೆ ಡಬ್ಬ ಹಾಕಿ ಕಳಿಸೋಣ ಎಂದೆ. "ಜನ ಕೂತಿರೋ ಬಸ್ಸಲ್ಲಾ? ಬ್ಯಾಡಿ ಸಾ" ಎಂದರು. ಕುಣಿಗಲ್ ಸಂತೆಗೆ ಬೆಲ್ಲ ತಂದು ಖಾಲಿ ಹೋಗುವ ಎತ್ತಿನ ಗಾಡಿಯೊಂದನ್ನು ಹಿಡಿದು, ಹುಲ್ಲಿನ ಮೇಲೆ ನಾಲ್ಕು ಡಬ್ಬ ಇಡಿಸಿ, ಬೀಡಿ ಸೇದುವುದಿಲ್ಲ ಎಂದು ಗಾಡಿಯವನ ಕೈಯಲ್ಲಿ ಭಾಷೆ ತೆಗೆದುಕೊಂಡು, ಮೊದಲೇ ದುರ್ಗಕ್ಕೆ ಕಳಿಸಿದರು. ಅಲ್ಲಿನ ಸೈಕಲ್ ಶಾಪಿನವನು ಅವರ ಪರಿಚಯದವನು. ಅವನ ಅಂಗಡಿಯ ಹಿಂದೆ, ಮನೆಗಳಿಂದ ದೂರ, ನೆಲ ಅಗೆದು ಡಬ್ಬಗಳನ್ನು ಹೂತಿಟ್ಟರು.

ಐದು ದಿನ ಎಲ್ಲ ಸರಿಯಾಗಿ ನಡೆಯಿತು. ಆರನೆಯ ದಿನ ಬೆಳಿಗ್ಗೆ ಕೊನೆಯ ಎರಡು ಡಬ್ಬ ತೆಗೆಯೋಣವೆಂದು ಹೋದರೆ ಗುಂಡಿ ಖಾಲಿ. ಸೈಕಲ್ ಶಾಪಿನವನು ತಲೆ ತಗ್ಗಿಸಿ ನಿಂತಿದ್ದ.

"ನಿನ್ನೆ ನೀವು ಹಳ್ಳಿಗೆ ಹೋಗಿದ್ರಲ್ಲ ಅಣ್ಣ, ಆವಾಗ... ನಮ್ಮ ಬೀದಿ ಹೆಂಗ್ಸಿಗೆ ಹೆರಿಗೆ ನೋವು. ಮಗು ಅಡ್ಡ ಬಂದ್ಬುಟ್ಟಿತ್ತು. ಸೂಲಗಿತ್ತಿ ನನ್ ಕೈಲಾಗಕಿಲ್ಲ ಅಂದ್ಬುಟ್ಲು. ಬಾಡಿಗೆ ಕಾರಿತ್ತು, ಪೆಟ್ರೋಲಿರಲಿಲ್ಲ. ನಾನೇ ತೆಗೆದುಕೊಟ್ಬುಟ್ಟೆ."

"ಕುಣಿಗಲ್ ಆಸ್ಪತ್ರೆಗೆ ಹೋದ್ರಾ?"

"ಹೋದ್ರು. ತಾಯಿ ಮಗು ಇಬ್ರೂ ಚೆನ್ನಾಗವ್ರೆ. ಹೆಣ್ಣು ಮಗು."

"ಅಂಗಾದ್ರೆ ತಲೆ ಯಾಕ್ಲಾ ತಗ್ಗಿಸ್ತೀಯ? ಸರ್ಯಾದ ಜಾಗಕ್ಕೇ ಹೋಗೈತೆ ಬುಡು" ಎಂದು ಅವನ ಬೆನ್ನು ತಟ್ಟಿದರು. ಆಮೇಲೆ ಜೀಪಿನ ಹತ್ತಿರ ಬಂದು ಕಡ್ಡಿ ಇಳಿಸಿ ನೋಡಿದರು. ಒರೆಸಿ ಇನ್ನೊಂದು ಸಲ ಇಳಿಸಿದರು. ಟ್ಯಾಂಕಿನಲ್ಲಿ ಒಂದು ಗ್ಯಾಲನ್ನಿನ ಮೇಲೆ ಚೂರು ಉಳಿದಿತ್ತು.

ಅವತ್ತು ನಾವು ಹೋಗಬೇಕಾಗಿದ್ದ ಹಳ್ಳಿ ಹನ್ನೊಂದು ಮೈಲಿ ದೂರ. ಹಳ್ಳದ ಮರಳಿನಲ್ಲಿ ಇಳಿದು ಹತ್ತುವ ದಾರಿ. ಆ ಮುದಿ ಜೀಪಿಗೆ ಅಂಥ ದಾರಿಯಲ್ಲಿ ಗ್ಯಾಲನ್ನಿಗೆ ಹನ್ನೊಂದು ಮೈಲಿ ಸಿಕ್ಕಿದರೆ ಹೆಚ್ಚು. ಹಳ್ಳಿಯಿಂದ ಇಬ್ಬರು ಆಗಲೇ ನಡೆದುಕೊಂಡು ಬಂದು ನಾವು ಇಳಿದುಕೊಂಡಿದ್ದ ಬಂಗಲೆಯ ಮುಂದೆ ಕೂತಿದ್ದರು. ಅವರ ಪಕ್ಕದ ಊರಿನಲ್ಲಿ ಮೂರು ದನ ಮಲಗಿವೆಯಂತೆ. ಇವರ ದನಗಳನ್ನೆಲ್ಲ ಬೆಳಿಗ್ಗೆಯಿಂದ ಕೆರೆಯಂಗಳದಲ್ಲಿ ಕೂಡಿಹಾಕಿಕೊಂಡು ಊರೇ ಕಾಯುತ್ತಿದೆಯಂತೆ.

ಕುಣಿಗಲ್ಲಿನಿಂದ ಬಂದ ಬಸ್ಸಿನ ಡ್ರೈವರನ್ನು ಕೇಳಿದೆವು. ಬಂಕಿಗೆ ಬೆಂಗಳೂರಿನಿಂದ ಪೆಟ್ರೋಲ್ ಲಾರಿ ಬರದೆ ಮೂರು ದಿನವಾಯಿತು, ಒಂದು ಹನಿಯಿಲ್ಲ ಎಂದ. ಪೆಟ್ಟಿಗೆ ತೆರೆದು ನೋಡಿದೆ. ಐಸು ಕರಗಿ ಅಂಗೈಯಗಲ ಉಳಿದಿತ್ತು. ಸಂಜೆಯವರೆಗೆ ತಡೆದರೆ ಹೆಚ್ಚು. ಎತ್ತಿನ ಗಾಡಿಯಲ್ಲಿ ಹೋದರೆ ನಾಲ್ಕೈದು ಗಂಟೆ ಬಿಸಿಲು. ಅದೂ ಅಲ್ಲದೆ, ರೋಗ ಸುತ್ತಾಡುತ್ತಿರುವ ಸೀಮೆಯ ಎತ್ತುಗಳನ್ನು ರೋಗವಿಲ್ಲದ ಊರಿನೊಳಕ್ಕೆ ನಾನೇ ಹೊಡೆದುಕೊಂಡು ಹೋಗುವುದು ಹೇಗೆ?

"ಏನು ಮಾಡೋಣ?" ಎಂದೆ. ಜೀಪು ನಿಲ್ಲಿಸಿಬಿಡೋಣ ಎನ್ನುತ್ತಾರೆ ಎಂದುಕೊಂಡಿದ್ದೆ. ವಾಪಸ್ ಬರುವಷ್ಟು ಪೆಟ್ರೋಲಿಲ್ಲದೆ ಅವರು ಆಫೀಸಿನ ಗೇಟು ದಾಟಿದ್ದನ್ನೂ ನಾನು ಕಂಡಿರಲಿಲ್ಲ.

ಅವರು ಬಿದಿರು ಕಡ್ಡಿಯನ್ನು ಸೀಟಿನ ಪಕ್ಕಕ್ಕಿಟ್ಟರು. ಮುಖದ ಮೇಲೆ ಬೆವರಿತ್ತು. ಟವಲ್ಲಿನಿಂದ ಒರೆಸಿಕೊಂಡು, "ಹೋಗಕೆ ಆಯ್ತದೆ ಸಾ" ಎಂದರು.

"ಬರೋಕೆ?"

"ಬರಕೆ ಇಲ್ಲ. ಹತ್ತಿ."

ಸೈಕಲ್ ಶಾಪಿನವನು ಪೆಟ್ರೋಲ್ ಬಂದ ತಕ್ಷಣ ತಾನೇ ತಂದುಕೊಡುವುದಾಗಿ ಹೇಳಿ ಆಗಲೇ ಕುಣಿಗಲ್ಲಿನ ಕಡೆ ಸೈಕಲ್ ತಿರುಗಿಸಿದ್ದ.

ಇಳಿಜಾರು ಸಿಕ್ಕಿದಲ್ಲೆಲ್ಲ ಇಂಜಿನ್ ಆರಿಸಿ, ಏರು ಬಂದಾಗ ಹಳ್ಳಿಯವರಿಬ್ಬರನ್ನೂ ನನ್ನನ್ನೂ ಇಳಿಸಿ ನಡೆಸಿ, ಕಲ್ಲು ಕಂಡರೆ ಬಯ್ಯುತ್ತಾ ಓಡಿಸಿದರು. ಹಳ್ಳಿಯ ಕೆರೆ ಏರಿಯ ಮೇಲೆ ಬಂದಾಗ ಜೀಪು ಎರಡು ಸಲ ಕೆಮ್ಮಿತು. ಏರಿಯ ಆಚೆ ಬದಿಗೆ ತಿರುಗಿಸುವ ಹೊತ್ತಿಗೆ ಸದ್ದಡಗಿತು. ಆ ಇಳಿಜಾರಿನಲ್ಲಿ ಸದ್ದೇ ಇಲ್ಲದೆ ಉರುಳಿಕೊಂಡು ಹೋಗಿ, ಕೂಡಿಹಾಕಿದ್ದ ದನಗಳ ನಡುವೆ ನಿಂತೆವು. ಒಂದು ಹೋರಿ ಬಂದು ಬಾನೆಟ್ಟು ಮೂಸಿತು. ಊರಿನವರು ಕೇಕೆ ಹಾಕಿದರು.

ಲಸಿಕೆ ಕಲಸಿ ಕೆಲಸಕ್ಕೆ ತೊಡಗಿದೆವು. ಅವರು ಕೊಂಬು ಹಿಡಿಯುವುದು, ನಾನು ಸೂಜಿ ಹಾಕುವುದು. ಒಬ್ಬ ಮುದುಕಿ ಮಾತ್ರ ತನ್ನ ಹಸುವನ್ನು ತಬ್ಬಿಕೊಂಡು ನಿಂತುಬಿಟ್ಟಳು. "ಸೂಜಿ ಚುಚ್ಚಿದ್ರೆ ಹಾಲು ಬತ್ತೋಯ್ತದಂತೆ, ನಾ ಕೊಡಾಕಿಲ್ಲ." ಅವರು ಅಂಗಿಯ ತೋಳು ಮೇಲಕ್ಕೆ ಸರಿಸಿ, ಮಿಲಿಟರಿಯಲ್ಲಿ ಚುಚ್ಚಿದ್ದ ಗುರುತುಗಳನ್ನು ತೋರಿಸಿದರು. "ನೋಡಮ್ಮೋ, ನನಗೆ ಎಷ್ಟು ಚುಚ್ಚವ್ರೆ! ನಾನೇನಾದ್ರೂ ಬತ್ತಿದೀನಾ?" ಎಂದು ಹೊಟ್ಟೆ ತಟ್ಟಿಕೊಂಡರು. ಮುದುಕಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಹಗ್ಗ ಅವರ ಕೈಗೆ ಬಂತು. ಕೊನೆಯ ಕರುವಿಗೆ ಸೂಜಿ ಹಾಕಿ ತಲೆಯೆತ್ತಿದಾಗ ಬಿಸಿಲು ಇನ್ನೂ ಏರಿಯ ಮೇಲಿತ್ತು. ಪೆಟ್ಟಿಗೆಯಲ್ಲಿ ಐಸಿನ ಒಂದು ಚೂರು ತೇಲುತ್ತಿತ್ತು.

ಆಮೇಲೆ ಶುರುವಾಯಿತು ಕಾಯುವುದು. ನಮಗೇನೂ ಕೊರತೆಯಿರಲಿಲ್ಲ. ಒಂದು ಮನೆಯಲ್ಲಿ ರೊಟ್ಟಿ, ಇನ್ನೊಂದು ಮನೆಯಲ್ಲಿ ಮುದ್ದೆ, ಅವರೆಕಾಳಿನ ಸಾರು, ಮಜ್ಜಿಗೆ. ನಮ್ಮನ್ನು ಯಾರು ಕರೆದುಕೊಂಡು ಹೋಗಬೇಕೆಂದು ಬೀದಿಯಲ್ಲೇ ಜಗಳವಾಗುತ್ತಿತ್ತು. ನಾನು ಹಾಯಾಗಿದ್ದೆ. ಅವರು ಮಾತ್ರ ಮರುದಿನವೆಲ್ಲ ಕೂತಲ್ಲಿ ಕೂರಲಿಲ್ಲ. ಗಳಿಗೆಗೊಂದು ಸಲ ಕೆರೆ ಏರಿ ಹತ್ತಿ ದುರ್ಗದ ದಾರಿ ನೋಡುವುದು, ಇಳಿಯುವುದು. ಮಧ್ಯಾಹ್ನ ಅವರ ಹಿಂದೆಯೇ ಹತ್ತಿ ಹೋಗಿ ಪಕ್ಕದಲ್ಲಿ ನಿಂತೆ.

"ನೀರೈತೆ, ಅನ್ನ ಐತೆ, ಜನ ಅವ್ರೆ" ಎಂದರು, ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ. "ಏನೂ ಆಗಕಿಲ್ಲ ಅಲ್ವಾ ಸಾ?"

"ಏನೂ ಆಗಲ್ಲ" ಎಂದೆ.

ತಲೆಯಾಡಿಸಿದರು. ಆದರೂ ಕೆಳಗಿಳಿದ ಮೇಲೆ ಇನ್ನೊಂದು ಸಲ ಹತ್ತಿದರು.

ಆ ಊರಿಗೆ ದೊಡ್ಡರೋಗ ಬರಲಿಲ್ಲ. ಪಕ್ಕದ ಊರಿನವರೆಗೆ ಬಂದು ಅಲ್ಲೇ ನಿಂತಿತು. ನಾವು ತುಮಕೂರಿಗೆ ವಾಪಸಾದಾಗ ಮೇಲಿನವರಿಂದ ಒಂದು ಮೆಮೋ ಕಾದಿತ್ತು. ಸರ್ಕಾರಿ ಜೀಪು ಒಂದೇ ಹಳ್ಳಿಯಲ್ಲಿ ಅಷ್ಟು ದಿನ ಸುಮ್ಮನೆ ನಿಂತದ್ದಕ್ಕೆ ಡ್ರೈವರು ಕಾರಣ ಕೊಡಬೇಕು. ಅವರು ಹೇಳುತ್ತಾ ಹೋದಂತೆ ನಾನೇ ಉತ್ತರ ಬರೆದುಕೊಟ್ಟೆ. ಎರಡೇ ಸಾಲು: "ಜೀಪಿನಲ್ಲಿ ಪೆಟ್ರೋಲ್ ಇರಲಿಲ್ಲ. ಊರಿನಲ್ಲಿ ದನಗಳೆಲ್ಲ ಇದಾವೆ." ಮೇಲಿನವರು ಅದನ್ನು ಓದಿ ಏನೆಂದುಕೊಂಡರೋ, ಮತ್ತೆ ಕೇಳಲಿಲ್ಲ.

ಆದರೆ ನಮ್ಮ ಡ್ರೈವರನ್ನು ನೆನೆದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಆ ಹಳ್ಳಿಯ ಮೂರನೆಯ ದಿನ. ಬೆಳಿಗ್ಗೆ ಅವರು ಶಾಲೆಯ ಬಾವಿಯ ರಾಟೆಗೆ ಹೊಸ ಅಚ್ಚು ಹಾಕಿಕೊಟ್ಟರು. ಮೇಷ್ಟರ ಮನೆಯಲ್ಲಿ ಹೊಟ್ಟೆ ತುಂಬ ಉಂಡರು. ಆಮೇಲೆ ಎಲ್ಲಿಯೂ ಕಾಣಲಿಲ್ಲ. ಏರಿಯ ಮೇಲಿದ್ದಾರೇನೋ ಎಂದು ನೋಡಿದೆ. ಅಲ್ಲಿಯೂ ಇರಲಿಲ್ಲ. ದೂರದಲ್ಲಿ ಸೈಕಲ್ ಶಾಪಿನವನು ಹಿಂದೆ ಎರಡು ಡಬ್ಬ ಕಟ್ಟಿಕೊಂಡು ಮರಳಿನಲ್ಲಿ ಸೈಕಲ್ ತಳ್ಳಿಕೊಂಡು ಬರುತ್ತಿದ್ದ. ನಾನು ಅವರನ್ನು ಹುಡುಕಿಕೊಂಡು ಇಳಿದು ಓಡಿದೆ.

ಊರಿನವರು ತಳ್ಳಿ ತಂದಿದ್ದ ಜೀಪು ಹುಣಸೆಮರದ ನೆರಳಿನಲ್ಲಿ ನಿಂತಿತ್ತು. ಅದರ ಪಕ್ಕದಲ್ಲಿ ಟವಲ್ ಹಾಸಿಕೊಂಡು, ಮೀಸೆ ಅಲುಗುವಂತೆ ಗೊರಕೆ ಹೊಡೆಯುತ್ತಾ ಮಲಗಿದ್ದರು. ಕಾಲಿನ ಹತ್ತಿರ ಆ ಮುದುಕಿಯ ಹಸು ಮೆಲುಕು ಹಾಕುತ್ತಾ ಕೂತಿತ್ತು. ಭುಜ ಹಿಡಿದು ಅಲುಗಿಸಿದೆ.

"ಏಳಿ, ಏಳಿ! ಪೆಟ್ರೋಲ್ ಬಂತು!"

ಅವರು ಅರ್ಧ ಕಣ್ಣು ತೆರೆದು ನನ್ನನ್ನು ನೋಡಿದರು.

"ಬಂತಾ? ಅಲ್ಲೇ ಇಡಕ್ಕೆ ಹೇಳಿ ಸಾ" ಎಂದು ಮಗ್ಗುಲಾದರು. "ಇನ್ನೊಂದು ಗಳಿಗೆ ಮಲಗ್ತೀನಿ."